ಬಾನಿಯ ಬಿರಡೆ

“ಬುದ್ಧಿ, ನನ್ನ ನೆಲದಲ್ಲಿ ನನ್ನ ಅಪ್ಪಣೆಯಿಲ್ಲದೆ ಕಾಲಿಡುವ ಹಕ್ಕು ಯಾರಿಗಾದರೂ ಇದೆಯೇ?”

ಮರುಳಸಿದ್ಧ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕುಳಿತಿದ್ದರು. ಶಿಷ್ಯ ಆ ಬೆಳಿಗ್ಗೆಯಷ್ಟೇ ಊರಿನಿಂದ ಬಂದಿದ್ದ. ಊರಲ್ಲಿ ಜ್ವರ ಹಬ್ಬಿತ್ತು. ಅವನ ಹಿತ್ತಿಲಲ್ಲಿ, ತೀರಿಹೋದ ತಂದೆ ಕಟ್ಟಿಸಿದ ನೀರಿನ ತೊಟ್ಟಿಯೊಂದಿತ್ತು. ಅದರಲ್ಲಿ ಸೊಳ್ಳೆ ಹುಟ್ಟುತ್ತಿದೆ, ಖಾಲಿ ಮಾಡಬೇಕು ಎಂದು ಬಂದ ಆಸ್ಪತ್ರೆಯವರನ್ನು ಅವನು ಹೊರಗೇ ನಿಲ್ಲಿಸಿ, ಬಾಗಿಲಿಗೆ ಬೀಗ ಜಡಿದು ಬಂದಿದ್ದ. ಅಪ್ಪನ ನೆನಪಿಗೆ ಉಳಿದಿರುವುದು ಅದೊಂದೇ, ಅದಕ್ಕೂ ಕೈ ಹಾಕುತ್ತಾರಲ್ಲ ಎಂಬುದು ಅವನ ಸಂಕಟ.

ಗುರುಗಳು ಹಕ್ಕಿನ ಮಾತೆತ್ತಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಅಂಗಳದಲ್ಲಿ ಒಂದು ಕಲ್ಲುಬಾನಿ. ಕೇರಿಯ ಹೆಂಗಸರು ಅಕ್ಕಿ ತೊಳೆದ ನೀರನ್ನೂ ಬಸಿದ ಗಂಜಿಯನ್ನೂ ತಂದು ಅದಕ್ಕೆ ಸುರಿಯುತ್ತಿದ್ದರು. ಮೇವಿಗೆ ಹೊರಟ ದನಗಳು ಒಳಗೆ ಬಂದು ಕುಡಿದು ಹೋಗುತ್ತಿದ್ದವು. ಯಾರ ಮನೆಯ ನೀರು, ಯಾರ ಮನೆಯ ದನ ಎಂದು ಯಾರೂ ಕೇಳುತ್ತಿರಲಿಲ್ಲ. ಅಂಗಳದ ತಡಿಕೆಬಾಗಿಲಿಗೆ ಅಗುಳಿಯೇ ಇರಲಿಲ್ಲ. ಅಂಥ ಕಾಲವೂ ಒಂದಿತ್ತು.

ಬಾನಿಯನ್ನು ನೋಡಿಕೊಳ್ಳುತ್ತಿದ್ದವಳು ರೈತನ ಹೆಂಡತಿ. ಅವನು ನಸುಕಿಗೇ ಹೊಲಕ್ಕೆ ಹೋಗುವವನು. ಹೊತ್ತೇರಿದ ಮೇಲೆ ಹಿಂದಿರುಗಿದಾಗ ಬಾನಿ ತುಂಬಿರುತ್ತಿತ್ತು, ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ನಿಂತಿರುತ್ತಿದ್ದಳು. ಅವನು ದಿನವೂ ಕಂಡದ್ದು ಇಷ್ಟೇ. ಅವನಿಗೆ ಅಷ್ಟೇ ಸಾಕಾಗಿತ್ತು.

ಅವಳು ಸತ್ತಳು. ರೈತ ತನ್ನ ದನಗಳನ್ನು ಮಾರಿದ. ಅವಳು ಮುಟ್ಟಿದ ಯಾವುದೂ ಕದಲಬಾರದೆಂದು ತಡಿಕೆಗೆ ಅಗುಳಿ ಹಾಕಿಸಿದ. ಕೇರಿಯ ದನಗಳು ಕೆಲವು ಕಾಲ ಅಲ್ಲಿ ನಿಂತು ನೋಡಿ, ಆಮೇಲೆ ಬರುವುದನ್ನು ಬಿಟ್ಟವು. ಬಾನಿಯನ್ನು ಮಾತ್ರ ಅವನು ಬರಿದಾಗಲು ಬಿಡಲಿಲ್ಲ. ಒಮ್ಮೆ ಅದರ ತಳದಿಂದ ನೀರು ಸೋರಿಹೋಗಿತ್ತು. ಒಣಗಿದ ಬಾನಿಯನ್ನು ಕಂಡು ಅವನು ಎಳೆಗೂಸಿನಂತೆ ಅತ್ತ. ಸೋರುವ ಕಡೆ ಸಿಮೆಂಟು ಮೆತ್ತಿ ಮತ್ತೆ ತುಂಬಿಸಿದ. ಅಲ್ಲಿಂದಾಚೆ ದಿನವೂ ಒಂದು ಬಿಂದಿಗೆ ನೀರು ಮೇಲಿನಿಂದ ಸುರಿಯುವುದು, ಪಕ್ಕದಲ್ಲಿ ಕುಳಿತು ಅವಳನ್ನು ನೆನೆಯುವುದು. ನೀರಿನಲ್ಲಿ ಸಣ್ಣ ಹುಳುಗಳು ಕುಣಿಯುತ್ತಿದ್ದವು. ಜೀವವಿದೆಯಲ್ಲ ಎಂದು ಅವನಿಗೆ ಸಮಾಧಾನವೇ ಆಗುತ್ತಿತ್ತು.

ಕೇರಿಗೆ ಚಳಿಜ್ವರ ಬಂತು. ಆಸ್ಪತ್ರೆಯವರು ಮನೆಮನೆಯ ನೀರು ನೋಡುತ್ತಾ ಬಂದು, ಈ ಹುಳುಗಳೇ ಸೊಳ್ಳೆಯಾಗುತ್ತವೆ, ಬಾನಿಯ ನೀರು ಚೆಲ್ಲಬೇಕು ಎಂದರು. ರೈತ ತಡಿಕೆಗೆ ಅಡ್ಡ ನಿಂತ. ನ್ಯಾಯ ಊರ ಹಿರಿಯರ ಮುಂದೆ ಹೋಯಿತು. ನೆಲ ಅವನದು, ಅವನು ಒಪ್ಪದೆ ಯಾರೂ ಒಳಗೆ ಹೋಗಕೂಡದು ಎಂದು ಹಿರಿಯರು ಹೇಳಿದರು. ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ರೈತ ಗೆದ್ದು ಮನೆಗೆ ಬಂದ.

ಪಕ್ಕದ ಮನೆಗೆ ಹೆರಿಗೆಗೆಂದು ಬಂದಿದ್ದ ಮಗಳು ಆ ವಾರವೇ ಜ್ವರ ಹಿಡಿದು ಮಲಗಿದಳು. ರೈತನ ಹೆಂಡತಿಯ ಸೊಂಟದ ಮೇಲೆ ಬೆಳೆದ ಹುಡುಗಿ ಅವಳು. ಬಸುರಿಗೆ ಜ್ವರ ಎಂದು ಕೇಳಿ ರೈತ ತಡಿಕೆಯವರೆಗೆ ಬಂದ. ಆದರೂ ಅಗುಳಿ ತೆಗೆಯಲು ಕೈ ಬರಲಿಲ್ಲ.

ಮರುದಿನ ಆ ಹುಡುಗಿಯ ತಾಯಿ ತೆಂಗಿನ ನಾರು, ಬೂದಿ ಹಿಡಿದು ಬಂದಳು. ಹೊರಗಿನಿಂದಲೇ ಕೈ ತೂರಿಸಿ ಅಗುಳಿ ತೆಗೆದಳು.

“ಯಾರ ಅಪ್ಪಣೆ ಕೇಳಿ ಒಳಗೆ ಬಂದೆ?” ಎಂದ ರೈತ.

“ಅಕ್ಕನ ಅಪ್ಪಣೆ ಅಣ್ಣಯ್ಯ. ಮೈಗೆ ಹುಷಾರಿಲ್ದಾಗೆಲ್ಲ ‘ಬಾನಿ ತೊಳ್ದು ಹೋಗೇ’ ಅಂತ ನನ್ನೇ ಕೂಗೋಳು. ಬರಬೇಡ ಅಂತ ಒಂದಿನಾನೂ ಅಂದಿಲ್ಲ.”

ಅವಳು ಬಾನಿಯ ಬುಡದಲ್ಲಿ ಕುಳಿತು ಕೈಯಾಡಿಸಿದಳು. ಕೈ ಅಲ್ಲೇ ನಿಂತಿತು.

“ಇಲ್ಲೊಂದು ಬಿರಡೆ ಇತ್ತಲ್ಲ, ಎಲ್ಲಿ?”

“ಸೋರ್ತಿತ್ತು. ಮುಚ್ಚಿಬಿಟ್ಟೆ.”

“ಅಯ್ಯೋ ನಮ್ಮಣ್ಣ! ಬಿರಡೆಗೆ ಸುತ್ತಿದ್ದ ಬಟ್ಟೆ ಹಳೇದಾಗಿತ್ತು, ಅಷ್ಟೇಯ. ಅಕ್ಕ ದಿನಾ ಬೆಳಿಗ್ಗೆ ಅದನ್ನ ಕಿತ್ತು, ನೀರೆಲ್ಲ ಹೋಗಿಸಿ, ಉಜ್ಜಿ ಉಜ್ಜಿ ತೊಳೆದು, ಆಮೇಲೆ ತುಂಬಿಸೋಳು. ನೀನು ಮುಚ್ಚಿರೋದು ಅವಳ ಕೈ ಆಡ್ತಿದ್ದ ಜಾಗಾನ.”

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ರೈತನಿಗೆ ಹೆಂಡತಿ ಬಾನಿ ತುಂಬಿದ್ದು ಗೊತ್ತು, ಬರಿದು ಮಾಡಿದ್ದು ಗೊತ್ತಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದದ್ದು ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಅವನು ಒಳಗಿನಿಂದ ಉಳಿ, ಸುತ್ತಿಗೆ ತಂದು ತಾನೇ ಸಿಮೆಂಟು ಒಡೆದ. ಪಾಚಿಗಟ್ಟಿದ ನೀರು ಹುಳುಗಳ ಸಮೇತ ಬಿಸಿಲ ನೆಲಕ್ಕೆ ಹರಿದು ಇಂಗಿತು. ಇಬ್ಬರೂ ಕೂತು ಬಾನಿ ಉಜ್ಜಿದರು. ಹೆಂಡತಿ ಸತ್ತ ಮೇಲೆ ಮೊದಲ ಸಲ ರೈತನಿಗೆ ಅವಳು ಪಕ್ಕದಲ್ಲೇ ಕೂತಿರುವಂತೆ ಅನ್ನಿಸಿತು.

ಹುಡುಗಿ ಬದುಕಿಕೊಂಡಳು. ಆ ಪುಣ್ಯ ಔಷಧದ್ದು, ಬಾನಿಯದಲ್ಲ. ಕೂಸಿಗೆ ಹೆಸರಿಡುವ ಹೊತ್ತಿಗೆ ತಡಿಕೆಯ ಅಗುಳಿ ಇರಲಿಲ್ಲ, ದನಗಳು ಮತ್ತೆ ಬರತೊಡಗಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ, “ಆದರೆ ಬುದ್ಧಿ, ನಾನು ಕೇಳಿದ್ದು ಹಕ್ಕಿನ ಮಾತು. ಆ ತೊಟ್ಟಿ ನನ್ನ ತಂದೆಯದು” ಎಂದ.

ಮರುಳಸಿದ್ಧನ ಕೈ ಮಡಿಲಲ್ಲಿದ್ದ ಬೀಗದ ಕೈಯನ್ನು ತಡವುತ್ತಿತ್ತು. ಗುರುಗಳು ಅದನ್ನೇ ನೋಡುತ್ತಾ ಕೇಳಿದರು:

“ಅದನ್ನು ತೊಳೆಯಲು ನಿನ್ನ ತಂದೆ ಯಾರು ಯಾರನ್ನು ಒಳಗೆ ಕರೆಯುತ್ತಿದ್ದರು, ಮಗು?”