ಮೊಲ ಹಂಚಿದ ಚೌಕ

ಚೌಕ ಎಂದರೆ ಗೊತ್ತಲ್ಲ, ಮಕ್ಕಳೇ? ನಾಲ್ಕು ಬದಿಯೂ ಒಂದೇ ಅಳತೆ. ಕಾಡಿನಲ್ಲಿ ಅಂಥದೊಂದು ನೆಲವಿತ್ತು. ಅದರ ಕೆಳಬದಿಗೆ ಹಳ್ಳ ಹರಿಯುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಆಮೆ, ಮುಳ್ಳುಹಂದಿ, ಹೆಗ್ಗಣ, ಮೊಲ ಸೇರಿ ಅಲ್ಲಿ ಗೆಣಸು ಹಾಕಲು ನಿಶ್ಚಯಿಸಿದವು. ನಾಲ್ಕು ಸಮಪಾಲು ಆಗಬೇಕು. ಹಂಚುವ ಕೆಲಸ ಮೊಲಕ್ಕೆ ಬಂತು. ಅಳತೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಅದಕ್ಕೆ.

ಮೊಲ ನೆಗೆದು ನೆಗೆದು ಎಣಿಸಿತು. ಪ್ರತಿ ಬದಿಯೂ ನಲವತ್ತು ನೆಗೆತ. ನಟ್ಟನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆಯಿತು. ನಾಲ್ಕು ಪುಟ್ಟ ಚೌಕಗಳಾದವು. ಎರಡು ಹಳ್ಳದ ಅಂಚಿಗೆ, ಎರಡು ಮೇಲೆ.

ಮುದಿ ಆಮೆ ಹಳ್ಳದ ಕಡೆ ನೋಡಿತು.

"ಮೇಲಿಂದ ಹಳ್ಳದವರೆಗೆ ನಾಲ್ಕು ಉದ್ದ ಪಟ್ಟಿ ಮಾಡಪ್ಪ," ಎಂದಿತು.

"ಸೀಳಿ ಸೀಳಿ ಹಂಚಲು ಇದೇನು ಹಳೇ ಸೀರೆಯೇ, ಆಮಜ್ಜಿ?" ಎಂದು ಮೊಲ ನಕ್ಕಿತು. "ಇಪ್ಪತ್ತು ನೆಗೆತ ಉದ್ದ, ಇಪ್ಪತ್ತು ಅಗಲ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೆ ಹೇಳಿ."

ಇರಲಿಲ್ಲ.

ಆ ಕಾಡಿನಲ್ಲಿ ಒಂದು ಪದ್ಧತಿ. ಪಾಲು ಮಾಡಿದವರು ತಮ್ಮ ಪಾಲನ್ನು ಕೊನೆಗೆ ಎತ್ತಿಕೊಳ್ಳಬೇಕು. ಮೊಲ ತಕರಾರು ಮಾಡಲಿಲ್ಲ. ಎಲ್ಲ ಒಂದೇ, ಯಾವುದು ಉಳಿದರೂ ಸೈ ಎಂದಿತು. ಆಮೆ, ಮುಳ್ಳುಹಂದಿ ಹಳ್ಳದ ಅಂಚಿನವನ್ನು ಎತ್ತಿಕೊಂಡವು. ಮೇಲಿನೆರಡು ಹೆಗ್ಗಣಕ್ಕೂ ಮೊಲಕ್ಕೂ ಉಳಿದವು.

ಬೇಸಿಗೆ ಬಂತು. ಮೇಲಿನ ನೆಲ ಬಿರುಕು ಬಿಟ್ಟಿತು. ಮೊಲದ ಬಳ್ಳಿ ಸುರುಟಿಕೊಂಡಿತು. ಪೊದೆಯಲ್ಲಿ ಮೂರು ಮರಿಗಳು ಹಸಿದು ಕೂತಿದ್ದವು. ಹೆಗ್ಗಣ ಬಂದು, ನಿನ್ನ ಇಪ್ಪತ್ತು ನೆಗೆತವನ್ನೇ ಬೇಯಿಸಿ ತಿನ್ನೋಣವೇ ಎಂದು ಕೇಳಿ ಹೋಯಿತು.

ಮೊಲ ಕಿವಿ ಇಳಿಬಿಟ್ಟುಕೊಂಡು ಆಮೆಯ ಹತ್ತಿರ ಹೋಯಿತು.

"ನೆಲ ಅಳೆದೆ, ಆಮಜ್ಜಿ. ನೀರು ಮರೆತೆ."

ಆಮೆ ಮರಿಗಳಿಗೆಂದು ಒಂದಿಷ್ಟು ಗೆಣಸು ಕೊಟ್ಟಿತು. ಬೆಳೆ ಕಿತ್ತ ಮೇಲೆ ಪಾಲನ್ನು ಹೊಸದಾಗಿ ಮಾಡು ಎಂದಿತು. ಇದನ್ನು ಕೇಳಿ ಮುಳ್ಳುಹಂದಿ ಮುಳ್ಳು ನಿಮಿರಿಸಿತು. ಹಾಗಾದರೆ ಬರುವ ವರ್ಷ ಮೇಲಿನದು ನಿನಗಿರಲೇ ಎಂದು ಆಮೆ ಕೇಳಿತು. ಮುಳ್ಳು ಮಲಗಿದವು.

ಬೆಳೆ ಕಿತ್ತಾಯಿತು. ಮೊಲ ಹಳೇ ಗೆರೆ ಅಳಿಸಿತು. ಹತ್ತು ನೆಗೆತ ಅಗಲ, ನಲವತ್ತು ಉದ್ದ. ನಾಲ್ಕು ಪಟ್ಟಿ. ಒಂದೊಂದರ ತುದಿಯೂ ಹಳ್ಳವನ್ನು ಮುಟ್ಟಿತು.

"ಎತ್ತಿಕೊಳ್ಳಿ," ಎಂದು ಮೊಲ ಬೆನ್ನು ತಿರುಗಿಸಿ ಕೂತಿತು. ಯಾವುದು ಉಳಿಯಿತೆಂದು ತಿರುಗಿ ನೋಡುವ ಅಗತ್ಯ ಈ ಸಲ ಇರಲಿಲ್ಲ.

ನೀತಿ: ಹಂಚುವಾಗ ಅಳತೆ ಸಮವಾದರೆ ಸಾಲದು, ಎಲ್ಲರಿಗೂ ಬೇಕಾದದ್ದು ಎಲ್ಲರ ಪಾಲಿಗೂ ಸಿಗಬೇಕು.