ಪಡುವಣ ಗೋಡೆಯ ಕಿಟಕಿ

ಭೀಮಾ ನದಿಯ ದಂಡೆಯಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಒಂದು ಕಲ್ಲಿನ ಕೋಣೆ. ಆಶ್ರಮವೆಂದರೆ ಅಷ್ಟೇ. ಅಲ್ಲಿದ್ದ ಮುದುಕ ಗುರುಗಳನ್ನು ಸುತ್ತಲಿನ ಊರವರು ಅಜ್ಜಾರು ಎಂದು ಕರೆಯುತ್ತಿದ್ದರು.

ಚೈತ್ರದ ಒಂದು ಬೆಳಿಗ್ಗೆ ಅವರ ಶಿಷ್ಯ ರಾಚೋಟಪ್ಪ ಮಾಸ್ತರು ಬಗಲಲ್ಲಿ ಚೀಲ ಹಿಡಿದು ಬಂದರು. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪ್ರಶ್ನೆ ಕೇಳಿ ನಿವೃತ್ತರಾದವರು. ಉತ್ತರ ತಮಗೆ ಗೊತ್ತಿದ್ದ ಪ್ರಶ್ನೆಗಳನ್ನೇ ಕೇಳಿದ್ದರು ಎನ್ನುವುದು ಬೇರೆ ಮಾತು.

ಚೀಲದಿಂದ ಚೌಕಟ್ಟಿನ ಮೂರು ತುಂಡು ತೆಗೆದು ಸಾಲಾಗಿ ಇಟ್ಟರು. ಒಂದು ಅಲ್ಯೂಮಿನಿಯಮ್ಮಿನದು, ಒಂದು ಬಿಳಿ ಪ್ಲಾಸ್ಟಿಕ್ಕಿನದು, ಒಂದು ಸಾಗವಾನಿಯದು.

"ಅಡಿಗಿಮನಿ ಕಿಡಕಿ ಬದಲಸಬೇಕಂತ ಮಾಡೀನ್ರಿ ಅಜ್ಜಾರ. ಮುಂದಿನ ತಿಂಗಳ ಚಂದ್ರವ್ವ ಹೋಗಿ ವರ್ಷ ಆಗ್ತದ. ಆಕಿ ಹೆಸರಲೆ ಒಂದು ಛಲೋ ಕಿಡಕಿ ಆಗಲಿ ಅಂತ. ಇವುದ್ರಾಗ ಯಾವುದು ಹಾಕಸಲಿ, ನೀವ ಹೇಳ್ರಿ."

ಚಂದ್ರವ್ವ ಅವರ ಹೆಂಡತಿ. ಯಾರಿಗೂ ತೊಂದರೆ ಕೊಡದೆ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು.

"ಈಗ ಇರೋದು ಎಂಥಾದ್ದು?" ಎಂದು ಅಜ್ಜಾರು ಕೇಳಿದರು.

"ಗಾಜಿಂದರಿ, ಸರಿಸೋದು. ಎಂಟು ವರ್ಷದ ಹಿಂದ ಹಳೇ ಕಟ್ಟಿಗಿ ಕಿಡಕಿ ಕಿತ್ತಿಸಿ ನಾನ ಹಾಕಿಸಿದ್ದೆ. ಓಣ್ಯಾಗ ಅಷ್ಟು ದೊಡ್ಡ ಕಿಡಕಿ ಯಾರ ಮನ್ಯಾಗೂ ಇರಲಿಲ್ಲ. ಈಗ ಗಾಲಿ ಸವದಾವ."

"ಚಂದ್ರವ್ವಗ ಸೇರಿತ್ತೇನು?"

"ಒಂದಿನಾನೂ ಒಲ್ಲೆ ಅಂದಾಕಿ ಅಲ್ರಿ." ಮಾಸ್ತರ ದನಿ ಮೆತ್ತಗಾಯಿತು. "ಅಂಥಾ ಹೆಣ್ಮಗಳು ಸಿಗೂದಿಲ್ಲರಿ. ಒಲಿ ಮುಂದ ಒಬ್ಬಾಕಿನ ಇದ್ರೂ ಸೆರಗು ಕೆನ್ನಿ ಮ್ಯಾಲಿಂದ ಸರಸ್ತಿರಲಿಲ್ಲ. ಅಷ್ಟು ಮರ್ಯಾದಿ. ಈಗ ಸೊಸಿ ಸುಗಲಾನೂ ಹಂಗ ಕಲತಾಳ."

ಅಜ್ಜಾರು ತುಂಡುಗಳನ್ನು ಮುಟ್ಟಲಿಲ್ಲ.

"ಸಂಜಿ ನಾಕಕ್ಕ ಬಿಸಲು ಒಳಗ ಎಲ್ಲಿ ಬೀಳತದ?"

ಮಾಸ್ತರಿಗೆ ಅದು ಗೊತ್ತಿರಲಿಲ್ಲ. ಆ ಹೊತ್ತಿಗೆ ಅವರು ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಪೇಪರು ಹಿಡಿದುಕೊಂಡು ಚಹಾ ಬರುವುದನ್ನು ಕಾಯುತ್ತ ಕೂತಿರುತ್ತಿದ್ದರು.

"ತಿಳಕೊಂಡು ಬಾ."

ಮಾಸ್ತರು ತಿಳಿದುಕೊಂಡೇ ಬಂದರು. ಹೇಗೆಂದರೆ, ಪೇಟೆಯ ಅಂಗಡಿಯವನನ್ನು ಕರೆಸಿ, ಅಳತೆ ಹಿಡಿಸಿ, ನಕ್ಷೆ ಬರೆಸಿ. ಎರಡು ಪದರಿನ ಗಾಜು ಹಾಕಿದರೆ ಕಾವು ಎಷ್ಟು ತಗ್ಗುತ್ತದೆ ಎಂದು ಅವನು ಕೊಟ್ಟ ಬಣ್ಣದ ಹಾಳೆಯೂ ಕೈಯಲ್ಲಿತ್ತು. ಒಬ್ಬ ಇಂಜಿನಿಯರನ್ನು, ಇಬ್ಬರು ಬಡಿಗರನ್ನು, ಮೂರು ಮನೆ ಕಟ್ಟಿಸಿ ಮೂರನ್ನೂ ಬೈಯುವ ಗೆಳೆಯನೊಬ್ಬನನ್ನು ಕೇಳಿದ್ದರು.

ಅಜ್ಜಾರು ಎಲ್ಲವನ್ನೂ ಕೇಳಿಸಿಕೊಂಡರು.

"ನನಗ ಹಸಿವ್ಯಾಗೇದ," ಎಂದರು.

"ಮನಿಂದ ಊಟಾ ಕಳಸ್ತೀನ್ರಿ."

"ನಿನ್ನ ಕೈಲೆ ಬಡದ ರೊಟ್ಟಿ ಬೇಕು. ನಾಳಿ ಸಂಜಿ ನಾಕಕ್ಕ ನಿಂತು ಬಡಿ. ಹತ್ತು ರೊಟ್ಟಿ."

"ಅಜ್ಜಾರ, ನಾ ಕಿಡಕಿ ಕೇಳಾಕ ಬಂದೀನಿ."

"ನಾ ರೊಟ್ಟಿ ಕೇಳಾಕ ಹತ್ತೀನಿ."

ಮರುದಿನ ನಾಲ್ಕಕ್ಕೆ ಮಾಸ್ತರು ಅಡುಗೆಮನೆ ಹೊಕ್ಕರು. ಸುಗಲಾ ನಗು ತಡೆದುಕೊಂಡು ಜೋಳದ ಹಿಟ್ಟು ನಾದಿಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು.

ಮೊದಲನೆಯ ರೊಟ್ಟಿ ಬಡಿಯುತ್ತಲೇ ಹರಿಯಿತು. ಎರಡನೆಯದು ಹೇಗೋ ಹಂಚಿನ ಮೇಲೆ ಬಿತ್ತು. ಯಾವ ಆಕಾರದಲ್ಲಿ ಎಂದು ಕೇಳಬಾರದು.

ಮೂರನೆಯದಕ್ಕೆ ಎಡಗೆನ್ನೆ ಉರಿಯತೊಡಗಿತು.

ಒಲೆಯ ಕಾವು ಎದುರಿಗಿತ್ತು. ಇದು ಪಕ್ಕದಿಂದ ಬರುತ್ತಿತ್ತು. ಪಡುವಣ ಗೋಡೆಯ ಗಾಜಿನ ತುಂಬ ಬಿಸಿಲು ನಿಂತಿತ್ತು. ಅತ್ತ ಸರಿಯೋಣವೆಂದರೆ ಗೋಡೆ, ಇತ್ತ ಸರಿಯೋಣವೆಂದರೆ ಒಲೆ ಕೈಗೆ ಸಿಗುವುದಿಲ್ಲ. ಗಾಜು ಸರಿಸಲು ಹೋದರೆ ಅದು ಅರ್ಧಕ್ಕೇ ನಿಂತಿತು. ಹೊಸದಿದ್ದಾಗಲೂ ಅದು ಅರ್ಧವೇ ತೆರೆಯುತ್ತಿತ್ತು, ಅದರ ರಚನೆಯೇ ಹಾಗೆ.

ಐದನೆಯ ರೊಟ್ಟಿಯ ಹೊತ್ತಿಗೆ ಮಾಸ್ತರು ಹಿಟ್ಟಿನ ಕೈಯಲ್ಲೇ ಹೆಗಲ ಮೇಲಿನ ಟವೆಲು ಎಳೆದು, ತಲೆಯ ಮೇಲಿಂದ ಎಡಗೆನ್ನೆಗೆ ಇಳಿಬಿಟ್ಟುಕೊಂಡರು.

ಸುಗಲಾ ತಡೆಯಲಾರದೆ ನಕ್ಕುಬಿಟ್ಟಳು.

"ಮಾವಾರ, ನೀವೂ ಸೆರಗ ಹೊತ್ತೀರಲ್ರಿ!"

ಮಾಸ್ತರು ತಿರುಗಿ ನೋಡಿದರು. ನೆರಳಿನಲ್ಲಿ ನಿಂತಿದ್ದ ಸೊಸೆಯ ಸೆರಗು ಹೆಗಲ ಮೇಲಿತ್ತು. ಮಾವನ ಎದುರಿಗೇ ಇತ್ತು. ದಿನವೂ ಹಾಗೇ ಇರುತ್ತಿತ್ತೋ ಏನೋ, ಅವರು ನೋಡಿದ್ದು ಇವತ್ತು.

"ನೀ ಹೊತ್ತುಕೊಳ್ಳೋದು ಇದಕ್ಕೇನವಾ? ಈ ಬಿಸಲಿಗೆ?"

"ಮತ್ಯಾಕ್ರಿ? ನಾ ಈ ಮನಿಗೆ ಬಂದ ಮರದಿನಾನ ಅತ್ತಿಯವರು ಹೇಳಿಕೊಟ್ರು. ಸೆರಗು ಹಸಿ ಮಾಡ್ಕೊ, ಎಡಗಡೆ ಬಿಗಿಯಾಗಿ ತಗೋ ಅಂತ."

"ನನಗ್ಯಾಕ ಹೇಳಲಿಲ್ಲ ಆಕಿ?"

ಸುಗಲಾಳ ನಗು ಹೋಯಿತು. ನೆಲ ನೋಡುತ್ತ ಹೇಳಿದಳು.

"ನಾನೂ ಅದನ್ನ ಕೇಳಿದ್ದೆರಿ. ‘ಭಾಳ ಹೌಸಿಲೆ ಹಾಕಿಸ್ಯಾರವಾ, ಬಂದವರಿಗೆಲ್ಲಾ ಕರದು ತೋರಸ್ತಾರ. ಗೊತ್ತಾದ್ರ ಮನಸ್ಸಿಗೆ ಹಚಕೋತಾರ, ಹೇಳಬ್ಯಾಡ’ ಅಂದ್ರು."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಯಾರೂ ತಿರುವಿ ಹಾಕಲಿಲ್ಲ.

ಏಳು ಬೇಸಿಗೆ. ತಮಗೆ ತೋರಿದ ಮರ್ಯಾದೆ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದ್ದು ಹೆಂಡತಿಯ ಸುಡುವ ಕೆನ್ನೆಯಾಗಿತ್ತು. ಮಾಸ್ತರಿಗೆ ಅಳು ಬಂತು. ಟವೆಲು ಹೇಗೂ ಮುಖದ ಮೇಲೇ ಇತ್ತು.

ಆ ಟವೆಲಿನಿಂದಲೇ ಮುಖ ಒರೆಸಿಕೊಂಡು ಅವರು ಸೊಸೆಯನ್ನು ಕೇಳಿದರು. ಏನು ಹೇಳುತ್ತಾಳೋ ಎಂದು ಕಾದು ನಿಂತು ಕೇಳಿದರು.

"ಎಂಥಾ ಕಿಡಕಿ ಇದ್ರ ಛಲೋ ಆಗ್ತದವಾ?"

ಆಕೆ ಯೋಚಿಸಲೂ ಇಲ್ಲ.

"ಇದನ್ನ ಇಟ್ಟಂಗಿ ಕಟ್ಟಿಸಿ ಮುಚ್ಚಿಸಿಬಿಡ್ರಿ. ಉತ್ತರದ ಗ್ವಾಡಿಗೆ ಸಣ್ಣದೊಂದು ಕಟ್ಟಿಗೀದು, ಎರಡೂ ಬಾಗಲಾ ಪೂರ್ತಿ ತೆರಿಯುವಂಥಾದ್ದು. ಮ್ಯಾಲ ಒಂದು ಬೆಳಕಿಂಡಿ, ಕಾವು ಹೊರಗ ಹೋಗಾಕ. ಅಷ್ಟ ಸಾಕ್ರಿ."

ಅಂಗಡಿಯವನು, ಇಂಜಿನಿಯರು, ಬಡಿಗರು, ಗೆಳೆಯ, ಅಜ್ಜಾರು, ಇವರನ್ನೆಲ್ಲ ಸುತ್ತಿ ಬಂದ ಮಾಸ್ತರು ಒಲೆಯ ಮುಂದೆ ನಿಲ್ಲುವವಳನ್ನು ಕೇಳಿರಲಿಲ್ಲ. ಎಂಟು ವರ್ಷದ ಹಿಂದೆಯೂ ಕೇಳಿರಲಿಲ್ಲ.

ಉಳಿದ ರೊಟ್ಟಿಗಳನ್ನೂ ಬಡಿದು ಮುಗಿಸಿ, ಹತ್ತನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಅವರು ನದಿಯ ಕಡೆ ನಡೆದರು. ಆಶ್ರಮ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ.

ಅಜ್ಜಾರು ಒಂದು ರೊಟ್ಟಿ ಮುರಿದರು. ಮಾಸ್ತರು ನಡೆದದ್ದನ್ನೆಲ್ಲ ಹೇಳಿದರು. ಸೆರಗಿನ ಮಾತು ಬಂದಾಗ ಅಜ್ಜಾರ ಕೈ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಸುಗಲಾ ಹೇಳಿದಂಗ ಮಾಡಸ್ತೀನ್ರಿ. ನಾಳೇನ ಇಟ್ಟಂಗಿ ಕಟ್ಟಾಕ ಗೌಂಡಿ ಬರ್ತಾನ. ಆದ್ರ ಚಂದ್ರವ್ವಗ ಏನ ಮಾಡಲ್ರಿ ನಾ? ಏಳು ವರ್ಷ ಒಂದ ಮನ್ಯಾಗ ಇದ್ದು ಕಾಣಲಿಲ್ಲಲ್ರಿ ನನಗ. ನನ್ನ ಜಾಗಾದಾಗ ನೀವ ಇದ್ದಿದ್ರ ಮೊದಲನೇ ದಿನಾನ ಕಾಣತಿತ್ತು."

ಅಜ್ಜಾರು ಮುರಿದ ರೊಟ್ಟಿಯನ್ನು ಕೆಳಗಿಟ್ಟರು. ಮಾಸ್ತರ ಮುಖ ನೋಡದೆ ಮಾತಾಡಿದರು.

"ಹೊತ್ತು ಮುಳಗೋದ್ರೊಳಗ ಉಣ್ಣೋ ನೇಮಾ ನಂದು, ತಮ್ಮಾ. ಏಳೂ ಬ್ಯಾಸಗಿ ನಿಮ್ಮ ಮನಿಗೆ ಬಂದು, ಪಡಸಾಲಿ ತಂಪಿನಾಗ ಕುಂತು, ಇನ್ನೊಂದು ಬಿಸೀದು ತಾರವಾ ಚಂದ್ರವ್ವಾ ಅಂತ ಕೇಳಿ ಕೇಳಿ ಉಂಡೀನಿ."