ಮರಿಸ್ವಾಮಿಯ ಏಳು ಜನದ ಟೆಂಟು

ಹುಣಸೂರಿನ ದಾರಿಯಲ್ಲಿ ಒಂದು ಊರು. ಆ ಊರಲ್ಲಿ ಚೆಲುವಾಜಮ್ಮ ಅಂತ ಒಬ್ಬಳು ತಾಯಿ, ಮರಿಸ್ವಾಮಿ ಅಂತ ಅವಳಿಗೊಬ್ಬ ಮಗ. ಮಗ ಅಂದರೆ ಎಳೆಯವನೇನಲ್ಲ. ಮದುವೆಯಾಗಿ ಎರಡು ಮಕ್ಕಳ ತಂದೆ, ಮೀಸೆಯ ತುದಿ ನರೆಯುತ್ತಿತ್ತು. ತುಂಬ ಒಳ್ಳೆಯವನು. ತಾಯಿಗೆ ಒಂದು ದಿನ ಎದುರು ಮಾತಾಡಿದವನಲ್ಲ. ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಚೆಲುವಾಜಮ್ಮನ ಗೋಳೇ ಅದು.

ಆ ಬೇಸಿಗೆಯಲ್ಲಿ ಅವಳು ಅಂಗಳದಲ್ಲಿ ಹಳೇ ಸೀರೆ ಹಾಸಿ ಅದರ ತುಂಬ ಸಂಡಿಗೆ ಇಟ್ಟಳು. ಮಗನ ಕೈಗೆ ಕೋಲು ಕೊಟ್ಟಳು. "ಕಾಗೆ ಮುಟ್ಟದಂಗೆ ಕಾಯ್ಕಂಡಿರು. ನಾ ಬರೋಗಂಟ ಎದ್ದೀಯ, ಜೋಕೆ!" ಅಂತ ಹೇಳಿ ಹೋದಳು. ಮಳೆ ಬಂತು. ಸಂಡಿಗೆ ಕರಗಿ ಗಂಜಿಯಾಗಿ ಚರಂಡಿ ಸೇರಿತು. ಮರಿಸ್ವಾಮಿ ಕೋಲು ಹಿಡಿದು ಕೂತೇ ಇದ್ದ.

"ಕಾಗೆ ಒಂದನ್ನೂ ಮುಟ್ಟಿಲ್ಲ ಕನವ್ವ!" ಅಂದ.

"ಅಯ್ಯೋ ನನ್ನ ಹಣೆಬರಹವೇ! ಮಳೆ ಬಂದ್ರೆ ಏನ್ಲಾ ಮಾಡ್ಬೇಕು? ಹರಡಿರೋದನ್ನ ಮೊದ್ಲು ಮಡಚಿ ಒಳಕ್ಕೆ ಇಡ್ಬೇಕು! ಮಿಕ್ಕಿದ್ದೆಲ್ಲ ಆಮೇಲೆ!"

"ಆಗ್ಲಿ ಕನವ್ವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಆ ಮಾತನ್ನು ನೀವು ಮರೆತರೂ ಅವನು ಮರೆಯಲಿಲ್ಲ.

ಚೆಲುವಾಜಮ್ಮನಿಗೆ ಒಂದೇ ಒಂದು ಆಸೆ ಇತ್ತು. ಅವರ ಮನೆ ಬೆಂಕಿಪೊಟ್ಟಣದಷ್ಟು. ಅವಳು ಮಲಗುವುದು ಒಲೆಯ ಪಕ್ಕ, ಸೊಸೆ ಮಕ್ಕಳು ಕೋಣೆಯಲ್ಲಿ, ಮಗ ಜಗುಲಿಯ ಮೇಲೆ. ಎಡಕ್ಕೊಂದು ಬಲಕ್ಕೊಂದು ಮೊಮ್ಮಕ್ಕಳನ್ನು ಮಲಗಿಸಿಕೊಂಡು, ಮನೆಯವರೆಲ್ಲ ಒಂದೇ ಸಾಲಾಗಿ ಒಂದು ರಾತ್ರಿ ಕಳೆಯಬೇಕು ಅಂತ ಅವಳಿಗೆ. ಮೊಮ್ಮಗಳು ಲಾವಣ್ಯಳಿಗೆ ದೂರದ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸೋಮವಾರ ಹೊರಟುಬಿಡುತ್ತಾಳೆ. ಈ ಭಾನುವಾರ ತಪ್ಪಿದರೆ ತಪ್ಪಿತು.

ಉಪಾಯ ಹೇಳಿದವಳು ಸೊಸೆ ಸುಗುಣ. ಅವಳು ಚಕ್ಕುಲಿ ಕೋಡುಬಳೆ ಮಾಡಿ, ತಾನೇ ವ್ಯಾನು ಓಡಿಸಿಕೊಂಡು ಹೋಗಿ ಅಂಗಡಿಗಳಿಗೆ ಹಾಕುವ ಗಟ್ಟಿಗಿತ್ತಿ. "ಅತ್ತೆ, ಹೊಳೆ ದಡದಲ್ಲಿ ಕಾಳೇಗೌಡ್ರ ಹೊಲ ಅದಲ್ಲ, ವ್ಯಾನ್ ಅಲ್ಲಿಗಂಟ ಹೋಗ್ತದೆ. ಒಂದು ಟೆಂಟ್ ತಕಳಾಣ. ಎಲ್ರೂ ಅದ್ರಲ್ಲೇ ಮಲಗಾಣ!" ಅಂದಳು. ಮಕ್ಕಳು ಕುಣಿದಾಡಿದವು. ಚೆಲುವಾಜಮ್ಮನೂ ಒಂದು ಸುತ್ತು ಕುಣಿಯುತ್ತಿದ್ದಳು, ಮಂಡಿ ಬಿಡಲಿಲ್ಲ.

ಸುಗುಣಳಿಗೆ ಅವತ್ತು ಎಣ್ಣೆ ಬಾಣಲೆ ಬಿಟ್ಟು ಏಳುವ ಹಾಗಿಲ್ಲ. ಟೆಂಟು ತರಲು ಹೊರಟವನು ಮರಿಸ್ವಾಮಿ.

"ನೋಡ್ಲಾ ಮಗ, ಚೀಲದ ಮೇಲೆ ಇಷ್ಟು ಜನಕ್ಕೆ ಅಂತ ಬರ್ದಿರ್ತಾರಂತೆ, ಅದನ್ನ ನಂಬ್ಬೇಡ. ನಾವು ಐದು ಜನ. ನೀನು ಏಳು ಜನದ್ದು ತಕಬಾ," ಅಂದಳು ತಾಯಿ.

"ಆಗ್ಲಿ ಕನವ್ವ."

ಮೈಸೂರಿಗೆ ಹೋದ. ಇಮ್ತಿಯಾಜ್ ಸಾಬರ ಅಂಗಡಿಯಲ್ಲಿ ಏಳು ಜನದ ಟೆಂಟು ತೆಗೆದುಕೊಂಡ. ಹೊರಗೆ ಬಂದು ಬೆರಳು ಮಡಚಿ ಎಣಿಸಿದ. ಟೆಂಟು ಏಳು ಜನದ್ದು, ನಾವು ಐದೇ ಜನ. ಯೋಚನೆ ಹತ್ತಿತು. ಸಂಜೆ ಮನೆಗೆ ಬಂದಾಗ ಹೆಗಲ ಮೇಲೆ ಟೆಂಟು, ಹಿಂದೆ ಇಬ್ಬರು ಗಂಡಸರು.

"ಯಾರ್ಲಾ ಇವ್ರು?"

"ಬಸ್‌ಸ್ಟ್ಯಾಂಡಲ್ಲಿ ಸಿಕ್ಕುದ್ರು ಕನವ್ವ! ಇವ್ರು ಪಾಪಣ್ಣೋರು, ಅವ್ರು ಸೀಬೆಹಣ್ಣು ಮಾರೋರು. ಏಳು ಜನ ಆಗ್ಬೇಕಿತ್ತಲ್ಲ? ಲೆಕ್ಕ ಸರಿಯಾಯ್ತು!"

ಚೆಲುವಾಜಮ್ಮ ಹಣೆ ಚಚ್ಚಿಕೊಂಡಳು. ಬಂದವರನ್ನು ಹಾಗೇ ಕಳಿಸುವುದುಂಟೇ? ಊಟಕ್ಕಿಟ್ಟಳು. ಉಂಡ ಮೇಲೆ ಪಾಪಣ್ಣನೇ, "ಬಂದದ್ದಾಯ್ತು, ಒಂದ್ಸಲ ಮಲಗೇ ನೋಡ್ಬುಡಾಣ ಕನಮ್ಮ," ಅಂದ. ಅಂಗಳದಲ್ಲಿ ಟೆಂಟು ಎಬ್ಬಿಸಿ ಏಳೂ ಜನ ನುಗ್ಗಿದರು. ಪಾಪಣ್ಣನ ಕಾಲು ಬಾಗಿಲಿನಿಂದ ಆಚೆ ಬಂತು. ಸೀಬೆಹಣ್ಣಿನವನ ಮೊಣಕೈ ಚೆಲುವಾಜಮ್ಮನ ಪಕ್ಕೆಗೆ ತಿವಿಯಿತು. ಚಿಕ್ಕವನು ಪುಟ್ಟು ಎಲ್ಲಿ ಹೋದ ಅಂತ ಹುಡುಕಿದರೆ ಸುಗುಣಳ ಬೆನ್ನ ಹಿಂದೆ ಅಪ್ಪಚ್ಚಿಯಾಗಿದ್ದ.

"ಏಳು ಜನ ಅಂದ್ರೆ ಏಳು ಕೋಳಿಮರಿನೇನ್ಲಾ! ವಾಪಸ್ ಕೊಟ್ಬುಟ್ಟು ಬಾ! ಅಂಗಡೀಲೇ ಕಾಲು ನೀಡಿ ಮಲಗಿ ನೋಡ್ಬೇಕು! ಎಲ್ರಿಗೂ ಜಾಗ ಆಯ್ತದಾ, ಮಗ್ಗುಲು ಬದಲಾಯಿಸೋಕಾಯ್ತದಾ, ನೋಡಿ ತರ್ಬೇಕು!"

"ಆಗ್ಲಿ ಕನವ್ವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಮಾರನೇ ದಿನ ಅಂಗಡಿಯಲ್ಲಿ ದೊಡ್ಡದೊಂದು ಟೆಂಟು ಬಿಚ್ಚಿಸಿದ. ಒಳಗೆ ಹೋಗಿ ಕಾಲು ನೀಡಿ ಮಲಗಿದ. ಮಲಗಿ ತಾಯಿಯ ಹಾಗೆ ಎರಡು ಸಲ ಕೆಮ್ಮಿ, "ಶಿವನೇ" ಅಂದ. ಎದ್ದು ಪಕ್ಕಕ್ಕೆ ಹೋಗಿ ಸುಗುಣಳ ಹಾಗೆ ಸೆರಗು ಎಳೆದುಕೊಂಡು ಮಲಗಿದ. ಇನ್ನೊಂದು ಕಡೆ ಲಾವಣ್ಯಳ ಹಾಗೆ ಮುದುರಿ ಮಲಗಿದ. ಮತ್ತೊಂದು ಕಡೆ ಪುಟ್ಟುವಿನ ಹಾಗೆ ಪಟಪಟ ಒದ್ದ. ಕೊನೆಗೆ ತನ್ನ ಜಾಗಕ್ಕೆ ಬಂದು ತನ್ನ ಹಾಗೆ ಮಲಗಿದ. ಅವನ ಹಾಗೆ ಮಲಗುವುದು ಅಂದರೆ ಗೊರಕೆ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸಾಬರು ಅಲುಗಾಡಿಸಿ ಎಬ್ಬಿಸಿದರು.

"ಏನಪ್ಪಾ, ಟೆಂಟ್ ಹಿಡಿಸ್ತಾ?"

"ಐದೂ ಜನಕ್ಕೂ ಹಿಡಿಸ್ತು ಸಾಬ್ರೇ!"

ನಿಜಕ್ಕೂ ವಿಶಾಲವಾದ ಟೆಂಟು. ನಿಂತರೆ ತಲೆ ತಗಲುತ್ತಿರಲಿಲ್ಲ. ಚೆಲುವಾಜಮ್ಮನಿಗೆ ಮಗ ಗೆದ್ದ ಅನ್ನಿಸಿ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಪುಟ್ಟು ಆಟಕ್ಕೆ ಅಂತ ಒಂದು ಚೊಂಬು ನೀರು ಎರಚಿದ. ನೀರು ಬಟ್ಟೆಯ ಮೇಲೆ ಒಂದು ಕ್ಷಣವೂ ನಿಲ್ಲದೆ ಸೀದಾ ಅಜ್ಜಿಯ ತಲೆಯ ಮೇಲೆ ಇಳಿಯಿತು.

"ಇದೇನ್ಲಾ, ಟೆಂಟ್ ತಂದ್ಯೋ ಜರಡಿ ತಂದ್ಯೋ? ಬರೇ ಮಲಗಿ ಎದ್ರೆ ಆಯ್ತಾ? ಒಂದು ಬಿಂದಿಗೆ ನೀರು ಹುಯ್ದು ನೋಡ್ಬೇಕು! ಅಂಗಡಿಯಿಂದ ಏನೇ ತಂದ್ರೂ ನೀರು ಹುಯ್ದು ನೋಡಿ ತರ್ಬೇಕು ಕನ್ಲಾ!"

"ಆಗ್ಲಿ ಕನವ್ವ. ಇನ್ನೊಂದ್ಸಲ ಹಂಗೇ ಮಾಡ್ತೀನಿ."

ಶನಿವಾರ ಆ ಟೆಂಟನ್ನು ವಾಪಸು ಕೊಡಲು ಬಿಂದಿಗೆ ಹೊತ್ತುಕೊಂಡೇ ಹೊರಟ. ಟೆಂಟಿನ ಜೊತೆಗೆ ಅವಲಕ್ಕಿ, ಬೆಂಕಿಪೊಟ್ಟಣ, ಒಂದು ಹತ್ತಿಯ ಹಾಸಿಗೆಯನ್ನೂ ತಾ ಅಂದಿದ್ದಳು ತಾಯಿ. ಬಿಂದಿಗೆ ಕಂಡ ಸಾಬರು ಈ ಸಲ ಅಂಗಡಿಯ ಒಳಗಿನಿಂದ ಅಪ್ಪಟ ಮಾಲನ್ನೇ ಹೊರಗೆ ತೆಗೆದರು. ಎರಡು ಪದರದ ದಪ್ಪ ಬಟ್ಟೆ, ಹೊಲಿಗೆಯ ಮೇಲೆಲ್ಲ ಪಟ್ಟಿ, ಕಬ್ಬಿಣದ ಗೂಟ. ಮರಿಸ್ವಾಮಿ ಬಿಂದಿಗೆ ಬಗ್ಗಿಸಿದ. ಒಳಗೆ ಒಂದು ಹನಿ ಇಳಿಯಲಿಲ್ಲ.

ಸಂಜೆ ಮನೆಗೆ ಬಂದಾಗ ಟೆಂಟು ಸೊಗಸಾಗಿತ್ತು. ಮಿಕ್ಕಿದ್ದೆಲ್ಲ ತೊಟ್ಟಿಕ್ಕುತ್ತಿತ್ತು.

"ಸಾಬ್ರು ಟೆಂಟೊಂದೇ ಗಟ್ಟಿ ಕನವ್ವ!" ಅಂದ ಮರಿಸ್ವಾಮಿ, ಬೇಜಾರಿನಿಂದ. "ಊರೆಲ್ಲ ಮೋಸ! ಅವಲಕ್ಕಿ ಐದು ಅಂಗ್ಡೀಲಿ ನೋಡ್ದೆ, ಐದೂ ಕಡೆ ನೀರು ಕುಡೀತು! ಬೆಂಕಿಪೊಟ್ಟಣನೂ ಕುಡೀತು! ಹಾಸಿಗೆ ಅಂತೂ ಒಂದು ಬಿಂದಿಗೆ ಪೂರ್ತಿ ಕುಡ್ಕಂಡು ಇನ್ನೂ ಬೇಕು ಅಂತು!"

ಸುಗುಣ ನಕ್ಕು ನಕ್ಕು ಗೋಡೆಗೆ ಒರಗಿದಳು. ಚೆಲುವಾಜಮ್ಮನಿಗೆ ನಗು ಬರಲಿಲ್ಲ. ಭಾನುವಾರಕ್ಕೆ ಇನ್ನೊಂದೇ ರಾತ್ರಿ.

"ನೀರಿನ ಸುದ್ದಿ ಬುಟ್ಬುಡು! ಈ ಟೆಂಟು ಇನ್ಮೇಲೆ ನಮಗೆ ಹೊಸಮನೆ ಇದ್ದಂಗೆ. ಹೊಸಮನೆಗೆ ಹೆಂಗೆ ಕಾಲಿಡ್ತಾರೋ ಹಂಗೇ ಕಾಲಿಡ್ಬೇಕು. ಸುಮ್ನೆ ದಡಬಡ ಅಂತ ನುಗ್ಗೀಯ, ಹುಷಾರು!"

"ಆಗ್ಲಿ ಕನವ್ವ. ಹಂಗೇ ಮಾಡ್ತೀನಿ."

ಭಾನುವಾರ ವ್ಯಾನು ಹೊಳೆ ದಡ ಸೇರಿತು. ಹೊಲದ ಯಜಮಾನ ಕಾಳೇಗೌಡ ಜಾಗ ತೋರಿಸಿ ತನ್ನ ಕೊಟ್ಟಿಗೆಯ ಕಡೆ ಹೋದ. ಟೆಂಟು ಎದ್ದು ನಿಂತಿತು. ಮಕ್ಕಳು ಒಳಗೆ ಓಡಿದವು.

"ನಿಲ್ರೋ! ಯಾರೂ ಒಳಕ್ಕೆ ಹೋಗ್ಬೇಡಿ!" ಅಂತ ಮರಿಸ್ವಾಮಿ ಎರಡು ಕೈ ಅಡ್ಡ ಹಿಡಿದ. ಹಾಗೇ ಎಲ್ಲಿಗೋ ಓಡಿದ. ವಾಪಸು ಬಂದಾಗ ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಾಳೇಗೌಡನ ಗಬ್ಬದ ಹಸು! ಅದರ ಹಣೆಗೆ ಕುಂಕುಮ ಬೇರೆ ಇಟ್ಟಿದ್ದ.

"ಲೇ ಲೇ ಲೇ! ಎಲ್ಲಿಗ್ಲಾ ಹಸ?"

"ಹೊಸಮನೆಗೆ ಮೊದ್ಲು ಹಸ ತಾನೇ ಕನವ್ವ ಹೋಗೋದು? ಆಮೇಲೆ ನಾವು!"

ಹಸು ಒಳಗೆ ಹೋಯಿತು. ಒಂದು ಸುತ್ತು ತಿರುಗಿ ನೋಡಿತು. ಜಾಗ ಮನಸ್ಸಿಗೆ ಬಂತೋ ಏನೋ, ಮಲಗಿ ಮೆಲುಕು ಹಾಕತೊಡಗಿತು. ಬಾಲ ಹಿಡಿದು ಎಳೆದರೂ ಏಳಲಿಲ್ಲ. ಕಾಳೇಗೌಡ ಹಿಂಡಿ ಬೋಗುಣಿ ತಂದು ತೋರಿಸಿದ ಮೇಲೆ ಎದ್ದು, ಹೋಗುವಾಗ ಬಾಗಿಲಲ್ಲಿ ಸಗಣಿಯನ್ನೂ ಹಾಕಿ ಹೋಯಿತು.

"ನೋಡಿ ಅತ್ತೆ, ಹಸ ಮೈ ಉಜ್ಜಿದ್ರೂ ಒಂದು ಹೊಲಿಗೆ ಬಿಟ್ಟಿಲ್ಲ!" ಅಂದಳು ಸುಗುಣ. "ಹತ್ತು ವರ್ಷ ಬಾಳಿಕೆ ಬರ್ತದೆ ಬಿಡಿ."

"ನಾನು ಬಾಳಿಕೆ ಬರ್ಬೇಕಲ್ಲವ್ವ!" ಅಂದಳು ಚೆಲುವಾಜಮ್ಮ. ಮಗನ ಕಡೆ ತಿರುಗಿದಳು. "ನೀ ಒಳಕ್ಕೇ ಬರ್ಬೇಡ! ಹೊರಗೆ ನಿಂತ್ಕ! ಟೆಂಟಿಗೆ ಏನೂ ಆಗದಂಗೆ ಕಾಯಿ. ಅಷ್ಟೇ ನಿನ್ನ ಕೆಲ್ಸ!"

"ಆಗ್ಲಿ ಕನವ್ವ."

ಬಾಗಿಲು ತೊಳೆದು, ಒಳಗೆ ಜಮಖಾನ ಹಾಸಿದರು. ಇನ್ನೂ ಹೊತ್ತು ಮುಳುಗಿರಲಿಲ್ಲ. ಆದರೂ ಅಜ್ಜಿಗೆ ತಡೆಯಲಾಗಲಿಲ್ಲ. ನಡುವೆ ಮಲಗಿದಳು. ಎಡಕ್ಕೆ ಲಾವಣ್ಯ ಬಂದಳು, ಬಲಕ್ಕೆ ಪುಟ್ಟು ಬಂದ, ಆಚೆ ಬದಿಗೆ ಸುಗುಣ. ಅಜ್ಜಿ ಕಾಲು ನೀಡಿದಳು. ಕಾಲು ಎಲ್ಲಿಗೂ ತಗಲಲಿಲ್ಲ. ಲಾವಣ್ಯ ಅಜ್ಜಿಯ ತೋಳಿನ ಮೇಲೆ ತಲೆ ಇಟ್ಟು, "ಅಜ್ಜಿ, ಹಾಸ್ಟೆಲ್‌ಗೆ ನೀನೂ ಬಂದ್ಬಿಡು," ಅಂದಳು. ಚೆಲುವಾಜಮ್ಮ ಅವಳ ತಲೆ ಸವರಿದಳು. ಇಷ್ಟು ಸಾಕು ಶಿವನೇ, ಇನ್ನೇನೂ ಕೇಳಲ್ಲ ಅಂದುಕೊಂಡಳು.

ಅಷ್ಟರಲ್ಲಿ ಹೊರಗೆ ಟಪ್ ಅಂತ ಒಂದು ಹನಿ ಬಿತ್ತು. ಟಪ್, ಟಪ್, ಟಪಟಪ.

ಮರಿಸ್ವಾಮಿ ಆಕಾಶ ನೋಡಿದ. ಟೆಂಟು ನೋಡಿದ. ಮಳೆ ಬಂದರೆ ಏನು ಮಾಡಬೇಕು? ಹರಡಿರುವುದನ್ನು ಮೊದಲು ಮಡಚಿ ಒಳಗೆ ಇಡಬೇಕು! ಮಿಕ್ಕಿದ್ದೆಲ್ಲ ಆಮೇಲೆ! ಸರಸರ ಗೂಟ ಕಿತ್ತ. ಸರಸರ ಕೋಲು ಬಿಚ್ಚಿದ. ಒಳಗಿದ್ದವರು ಏನು ಏನು ಅನ್ನುವಷ್ಟರಲ್ಲಿ ಅವರ ತಲೆಯ ಮೇಲಿಂದ, ಬೆನ್ನಿನ ಅಡಿಯಿಂದ, ಜಮಖಾನ ಒಂದು ಬಿಟ್ಟು ಇಡೀ ಟೆಂಟನ್ನು ಎಳೆದುಕೊಂಡು ವ್ಯಾನಿಗೆ ಓಡಿದ. ಸೀಟು ಮಡಚಿ, ಅದನ್ನು ಉದ್ದಕ್ಕೆ ನೀಟಾಗಿ ಮಲಗಿಸಿ, ಬಾಗಿಲು ಹಾಕಿದ. ಓಡಿ ಬಂದು ಎದೆಯುಬ್ಬಿಸಿ ನಿಂತ.

"ಅವ್ವಾ! ಟೆಂಟು ಒಂದು ಚೂರೂ ನೆಂದಿಲ್ಲ ಕನವ್ವ!"

ಮಳೆ ಧೋ ಅಂತ ಸುರಿಯಿತು. ಜಮಖಾನದ ಮೇಲೆ ನಾಲ್ಕು ಜನ ಸಾಲಾಗಿ ಮಲಗಿದ್ದರು. ಚೆಲುವಾಜಮ್ಮ ಬೈಯಲು ಬಾಯಿ ತೆಗೆದಳು. ಬಾಯಿಗೆ ಮಳೆನೀರು ಬಿತ್ತು. ಎಡಗಡೆ ಲಾವಣ್ಯ ಕಿಲಕಿಲ ನಕ್ಕಳು, ಬಲಗಡೆ ಪುಟ್ಟು ಕೇಕೆ ಹಾಕಿದ, ಇಬ್ಬರೂ ಅಜ್ಜಿಯನ್ನು ಬಿಗಿಯಾಗಿ ತಬ್ಬಿಕೊಂಡರು. ಅವಳಿಗೂ ನಗು ಬಂದೇಬಿಟ್ಟಿತು. ಮಗನಿಗೆ ಬೈಯದೆ ಬಿಟ್ಟದ್ದು ಅವಳ ಜನ್ಮದಲ್ಲಿ ಅದೇ ಮೊದಲು.

"ಬಾರ್ಲಾ, ನೀನೂ ಬಾ, ಮಲಗ್ಕ!" ಅಂದಳು. ಮರಿಸ್ವಾಮಿ ಬಂದು ಸಾಲಿನ ಕೊನೆಗೆ ಕಾಲು ನೀಡಿ ಮಲಗಿ, ಎರಡೂ ಮಗ್ಗುಲು ಬದಲಾಯಿಸಿ ನೋಡಿದ. "ಜಾಗ ಬೇಕಾದಷ್ಟದೆ ಕನವ್ವ!" ಅಂದ.

ಸ್ವಲ್ಪ ಹೊತ್ತಿಗೆ ಮಳೆ ನಿಂತಿತು. ಚೆಲುವಾಜಮ್ಮ ಸೆರಗು ಹಿಂಡುತ್ತ ಎದ್ದು, "ಈಗ ಹಾಕ್ಲಾ ಮಗ ಟೆಂಟನ್ನ," ಅಂದಳು.

"ಎಲ್ಲಿಗವ್ವ ಹಾಕ್ಲಿ?" ಮರಿಸ್ವಾಮಿ ಗಾಬರಿಯಾದ. "ನೆಲ ಎಲ್ಲ ಒದ್ದೆ! ಟೆಂಟು ನೆಂದೋಯ್ತದೆ!"

ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತವನು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕಾಯಿ ಅಂದಿದ್ದವಳು ತಾಯಿಯೇ ತಾನೇ. ಕೊನೆಗೆ ಕಾಳೇಗೌಡ ಬಂದು ಎಲ್ಲರನ್ನೂ ತನ್ನ ಕೊಟ್ಟಿಗೆಗೆ ಕರೆದುಕೊಂಡು ಹೋದ. ಒಣಹುಲ್ಲಿನ ಮೇಲೆ ಅಜ್ಜಿ ನಡುವೆ, ಎಡಕ್ಕೆ ಲಾವಣ್ಯ, ಬಲಕ್ಕೆ ಪುಟ್ಟು, ಆಚೆಗೆ ಸುಗುಣ, ಈಚೆಗೆ ಮರಿಸ್ವಾಮಿ, ಅವನ ಪಕ್ಕಕ್ಕೆ ಕುಂಕುಮ ಇಟ್ಟ ಹಸು. ಎಲ್ಲರೂ ಒಂದೇ ಸಾಲು.

ಅವರು ಕೊಟ್ಟಿಗೆಯಲ್ಲಿ, ಟೆಂಟು ವ್ಯಾನಿನಲ್ಲಿ ಬೆಚ್ಚಗೆ, ನಾವು ನೀವು ಇಲ್ಲಿ.